ಸಂಪಾಜೆಗೆ ವಾಪಸ್ ಹೋದ ದನಿ

ಇವತ್ತು ಬೆಳಿಗ್ಗೆ ಗ್ಯಾಸ್ ಸಿಲಿಂಡರ್ ಬುಕ್ ಮಾಡೋಣವೆಂದು ಏಜೆನ್ಸಿಗೆ ಫೋನ್ ಮಾಡಿದೆ. "ಹಲೋ" ಎಂದೆ. ಅರೆಗಳಿಗೆ ಬಿಟ್ಟು ನನ್ನದೇ "ಹಲೋ" ನನ್ನ ಕಿವಿಗೆ ವಾಪಸ್ ಬಂತು. ಹೆಸರು ಹೇಳಿದೆ, ಅದೂ ಬಂತು. ನಂಬರ್ ಹೇಳಹೊರಟು ನಾಲ್ಕನೇ ಅಂಕಿಗೆ ತೊದಲಿದೆ, ಮೊದಲಿಂದ ಶುರುಮಾಡಿ ಮತ್ತೆ ತೊದಲಿದೆ, ಕಡೆಗೆ ಫೋನ್ ಇಟ್ಟುಬಿಟ್ಟೆ. ಆಡಿದ ಮಾತು ಹೀಗೆ ಹಿಂದೆಯೇ ಅಟ್ಟಿಸಿಕೊಂಡು ಬಂದರೆ ಎಂಥ ವಾಚಾಳಿಯೂ ಬೆಬ್ಬೆಬ್ಬೆ ಅನ್ನುತ್ತಾನೆ, ಬೇಕಾದರೆ ನೀವೇ ನೋಡಿ. ನನಗೆ ಸಿಟ್ಟು ಬರಬೇಕಿತ್ತು. ಬಂದದ್ದು ನಾಚಿಕೆ. ಸಂಪಾಜೆಯ ಪುಷ್ಪಾವತಿ ನೆನಪಾದಳು.

ಆರು ವರ್ಷದ ಹಿಂದೆ ನಾನು ಕುಶಾಲನಗರದ ಒಂದು ಕಾಫಿ, ಕರಿಮೆಣಸಿನ ಮಂಡಿಯಲ್ಲಿ ಮ್ಯಾನೇಜರ್. ಸಂಪಾಜೆಯಲ್ಲಿ ನಮ್ಮದೊಂದು ಬ್ರಾಂಚು. ಅಲ್ಲಿ ಫೋನಿನ ಮೇಜು ಪುಷ್ಪಾವತಿಯದು. ಅವಳಿಗೆ ಉಬ್ಬಸ. ಮೆಣಸಿನ ದೂಳು ಮೂಗಿಗೆ ಬಿದ್ದರೆ ಸಾಕು, ಉಸಿರು ಸಿಕ್ಕಿಕೊಳ್ಳುತ್ತಿತ್ತು. ಅದಕ್ಕೆಂದೇ ಸಾಹುಕಾರರು ಅವಳನ್ನು ಗೋಡೌನಿನಿಂದ ದೂರ, ಕಿಟಕಿಯ ಪಕ್ಕ ಕೂರಿಸಿದ್ದರು.

ಆ ವರ್ಷ ಎರಡೂ ಕಡೆ ಹಳೇ ಫೋನು ತೆಗೆದು ಇಂಟರ್ನೆಟ್ ಫೋನು ಹಾಕಿಸಿದರು. ನನಗೆ ಸಂಭ್ರಮ. ಬೆಳಿಗ್ಗೆ ಸಂಪಾಜೆಗೆ ಫೋನ್ ಹಚ್ಚಿ, ಸ್ಪೀಕರ್ ಒತ್ತಿ, ದನಿ ಪೂರ್ತಿ ಏರಿಸಿ, ಸ್ಟೀಲ್ ಮೇಜಿನ ಮೇಲಿಡುತ್ತಿದ್ದೆ. ಮುಂದೆ ತಟ್ಟೆ ತುಂಬ ಸ್ಯಾಂಪಲ್ ಕಾಫಿ. ಹುಳುಕು ಕಾಳು ಆರಿಸಲು ಎರಡೂ ಕೈ ಬೇಕಲ್ಲ! ನಮ್ಮ ಮಂಡಿಗಳಲ್ಲಿ ಕೈ ಕಾಫಿಗೆ, ಬಾಯಿ ಫೋನಿಗೆ. ನಿಜ ಹೇಳಲಾ? ಮಾಲು ತಂದ ಬೆಳೆಗಾರರು ನಮ್ಮ ವಹಿವಾಟು ಕೇಳಿ ಬೆರಗಾಗಲಿ ಎಂಬ ಆಸೆಯೂ ಇತ್ತು.

ಮೂರನೇ ದಿನ ಪುಷ್ಪಾವತಿ ಹೇಳಿದಳು: "ಸರ್, ನಾನು ಮಾತಾಡಿದ್ದು ನಂಗೇ ವಾಪಸ್ ಕೇಳ್ತದೆ. ಬಾಯಿ ತಡವರಿಸ್ತದೆ. ಎಂತ ಮಾಡುದು?"

"ನನಗೇನೂ ಕೇಳ್ತಿಲ್ವಲ್ಲಮ್ಮ. ನಿನ್ನ ಫೋನೇ ಸರಿಯಿಲ್ಲ" ಎಂದೆ.

ಅಲ್ಲಿಂದ ನನ್ನ ರಿಪೇರಿ ಶುರುವಾಯಿತು. ಆಫ್ ಮಾಡಿ ಆನ್ ಮಾಡಿಸಿದೆ. ವೈರು ಬದಲಿಸಿದೆ. ಫೋನೇ ಬದಲಿಸಿದೆ. ಗೋಡೆಯಿಂದ ದೂರ ಕೂರಮ್ಮ ಎಂದು ಮೇಜನ್ನೇ ಜರುಗಿಸಿದೆ. ಎಲ್ಲವೂ ಸಂಪಾಜೆಯಲ್ಲೇ! ನನ್ನ ಮೇಜಿನ ಮೇಲಿದ್ದ ಫೋನನ್ನು ಒಂದು ಸಲವೂ ಮುಟ್ಟಿ ನೋಡಲಿಲ್ಲ. ಅವಳ ತೊದಲು ಹೆಚ್ಚಿತು. ಒಂದು ದಿನ ರೇಟು ಹೇಳಲು ಅವಳು ಮೂರು ಸಲ ತಡವರಿಸಿದಾಗ ಬೆಳೆಗಾರರೆಲ್ಲ ಕೂತಿದ್ದರು. ನಾನು ಸ್ಪೀಕರಿಗೇ ಬಾಯಿಟ್ಟು, "ಕುಣಿಯಲಾರದವಳು ನೆಲ ಡೊಂಕು ಅಂದ್ಳಂತೆ" ಎಂದು ಕೂಗಿದೆ. ಎಲ್ಲರೂ ನಕ್ಕರು. ಅತ್ತ ಅವಳಿಗೆ ಆ ನಗುವೂ ಕೇಳಿಸಿರಬೇಕು.

ವಾರದಲ್ಲಿ ಸಾಹುಕಾರರಿಗೆ ನಾನೇ ಹೇಳಿದೆ, ಅವಳಿಗೆ ಫೋನ್ ಕೆಲಸ ಆಗುವುದಿಲ್ಲವೆಂದು. ಅವಳನ್ನು ಗೋಡೌನಿಗೆ ಹಾಕಿದರು, ಮೆಣಸು ಹಸನು ಮಾಡಲು.

ಅವಳ ಜಾಗಕ್ಕೆ ಬಂದವನೂ ತೊದಲತೊಡಗಿದಾಗ ಮೈಸೂರಿನಿಂದ ಟೆಕ್ನಿಷಿಯನ್ ಬಂದರು. ನಡುವಯಸ್ಸಿನ, ಮಾತು ಕಮ್ಮಿಯ ಮನುಷ್ಯ. ದಾರಿಯಲ್ಲಿ ಸಂಪಾಜೆಗೆ ಫೋನ್ ಮಾಡಿ ವಿಚಾರಿಸಿಕೊಂಡೇ ಬಂದಿದ್ದರು. ನನ್ನ ಮೇಜು ನೋಡಿದರು, ತಟ್ಟೆ ನೋಡಿದರು.

"ನಿಮಗೆ ಎಕೋ ಕೇಳ್ತಿತ್ತಾ ಸಾರ್?"

"ಇಲ್ಲಪ್ಪ, ನನಗೆ ಕ್ಲೀನಾಗಿ ಕೇಳುತ್ತೆ."

"ಹಾಗಾದ್ರೆ ತೊಂದ್ರೆ ಇಲ್ಲೇ. ಎಕೋ ಯಾರಿಗೆ ಕೇಳುತ್ತೋ ಅವರ ಫೋನಲ್ಲಿ ತಪ್ಪಿರಲ್ಲ, ಎದುರುಗಡೆ ಇರುತ್ತೆ. ಅವರ ದನಿ ನಿಮ್ಮ ಸ್ಪೀಕರಿಂದ ಬಂದು, ನಿಮ್ಮ ಮೈಕಿಗೇ ಹೊಕ್ಕು, ವಾಪಸ್ ಹೋಗ್ತಿದೆ. ಹಳೇ ಫೋನಲ್ಲಿ ತಕ್ಷಣ ಹೋಗ್ತಿತ್ತು, ಗೊತ್ತಾಗ್ತಿರಲಿಲ್ಲ. ಇದ್ರಲ್ಲಿ ತಡವಾಗಿ ಹೋಗುತ್ತೆ." ಸ್ಪೀಕರ್ ಆಫ್ ಮಾಡಿ ರಿಸೀವರ್ ನನ್ನ ಕೈಗೆ ಕೊಟ್ಟರು. ಅಷ್ಟೇ ರಿಪೇರಿ.

ನೆಲ ಡೊಂಕಾಗಿಯೇ ಇತ್ತು. ಡೊಂಕು ಮಾಡಿದವನು ನಾನು.

ಇಷ್ಟಕ್ಕೇ ಮುಗಿದಿದ್ದರೆ ಈ ಕಥೆಯನ್ನು ನಗುತ್ತಾ ಹೇಳಬಹುದಿತ್ತು. ಸಾಹುಕಾರರು ಕೇಳಿದಾಗ, "ಏನೋ ಲೈನ್ ತೊಂದರೆಯಂತೆ, ಸರಿಹೋಯ್ತು" ಎಂದುಬಿಟ್ಟೆ. ಬೆಳೆಗಾರರು ಆಡಿಕೊಳ್ಳುತ್ತಾರೆಂಬ ಭಯ. ಹೊಸಬನ ಮಾತು ಸಲೀಸಾಯಿತು. ಪುಷ್ಪಾವತಿ ಮಾತ್ರ ದೂಳಿನಲ್ಲೇ ಉಳಿದಳು. ಕೊಯ್ಲು ಮುಗಿದ ಮೇಲೆ ಕೆಲಸ ಬಿಟ್ಟಳೆಂದು ಕೇಳಿದೆ. ಕೇಳಿ ಸುಮ್ಮನಾದೆ. ಥೂ, ಎಂಥ ಹೇಡಿತನ!

ಇವತ್ತು ಏಜೆನ್ಸಿಗೆ ಮತ್ತೆ ಫೋನ್ ಮಾಡಿದೆ. "ಅಮ್ಮಾ, ಸ್ಪೀಕರ್ ಆಫ್ ಮಾಡಿ, ರಿಸೀವರ್ ಎತ್ಕೊಳ್ಳಿ" ಎಂದೆ. ದನಿ ತಿಳಿಯಾಯಿತು. ಸಿಲಿಂಡರ್ ಹೇಳಿ ಮುಗಿಸಿ, ಹಳೇ ಡೈರಿ ಹುಡುಕಿ, ಆರು ವರ್ಷ ಮಾಡದ ಇನ್ನೊಂದು ಫೋನ್ ಮಾಡಿದೆ.

ಎತ್ತಿದ್ದು ಪುಷ್ಪಾವತಿಯೇ. ನಾನು ಯಾರೆಂದು ಹೇಳಿ, "ಆ ಎಕೋ ವಿಷಯ" ಎಂದೆ.

"ಗೊತ್ತುಂಟು ಸರ್" ಎಂದಳು. "ಆ ಟೆಕ್ನಿಷಿಯನ್ ಅವತ್ತು ಮೊದಲು ನನ್ನನ್ನೇ ಫೋನಿಗೆ ಕರೆಸಿದ್ರು. ಎಲ್ಲ ಕೇಳಿ, ನಿಮ್ಮದು ತಪ್ಪಿಲ್ಲಮ್ಮ ಅಂತ ಹೇಳಿದ್ರು."

"ಮತ್ತೆ ಯಾಕಮ್ಮ ಹೇಳಲಿಲ್ಲ?"

"ನೀವು ಹೇಳ್ತೀರಿ ಅಂತ ಕಾದೆ. ಕೊಯ್ಲು ಮುಗಿಯುವವರೆಗೆ ಕಾದೆ ಸರ್. ಮತ್ತೆ ಉಬ್ಬಸ ತಡೀಲಿಕ್ಕೆ ಆಗ್ಲಿಲ್ಲ."

ಲೈನು ಸ್ವಚ್ಛವಾಗಿತ್ತು. ನನ್ನ ಮಾತು ನನಗೆ ವಾಪಸ್ ಬರುತ್ತಿರಲಿಲ್ಲ. ಆದರೂ, "ಪುಷ್ಪಾ, ಅದು ನನ್ನ... ನನ್ನದು..." ಎಂದು ಅಲ್ಲೇ ನಿಂತುಬಿಟ್ಟೆ.

"ನಿಧಾನ ಹೇಳಿ ಸರ್" ಎಂದಳು ಅವಳು. "ಕೇಳ್ತಾ ಉಂಟು."