ನೀಲಾಳ ಉಡಿ

ಗುಣವಾಗದ ರೋಗಿಗಳನ್ನು ಅವರವರ ಮನೆಯಲ್ಲೇ ನೋಡಿಕೊಳ್ಳಲು ನಮ್ಮ ಬೆಟಗೇರಿಯ ನಾಲ್ಕಾರು ಓಣಿಯವರು ಸೇರಿ ಒಂದು ಸಂಘ ಕಟ್ಟಿಕೊಂಡಿದ್ದೇವೆ. ಅದರ ಜೀವಾಳ ಸಾವಂತ್ರೆವ್ವ. ಬಾಯಿ ಬಲು ಜೋರು. ತಾಯಿಯ ಹುಣ್ಣು ತೊಳೆಯುವಾಗ ಮೂಗು ಮುಚ್ಚಿಕೊಂಡ ಮಗನೊಬ್ಬನಿಗೆ, "ಹೊರಗ ಹೋಗಿ ನಿಂದರಲೇ! ನಿನ್ನ ಹೇಲು ಬಳದಾಕಿ ಈಕಿನ ಅಲ್ಲೇನು?" ಎಂದು ಬೈದವಳು. ಆಕೆಯನ್ನು ಕಂಡರೆ ನನಗೂ ಹೆದರಿಕೆಯೇ.

ಹೋದ ಶ್ರಾವಣದಲ್ಲಿ ಆಕೆ ದಿನಾ ಹೋಗುತ್ತಿದ್ದದ್ದು ನೇಕಾರ ಯಂಕಪ್ಪನ ಮನೆಗೆ. ಅವನ ಹೆಂಡತಿ ಫಕೀರವ್ವನಿಗೆ ಹೊಟ್ಟೆಯ ಕ್ಯಾನ್ಸರ್. ನೋವಿನ ಔಷಧ ಕುಡಿಸಿದ ಮೇಲೆ ಅವಳದು ಒಂದೇ ಮಾತು: "ಯಕ್ಕಾ, ನೀಲಾಗ ಉಡಿ ತುಂಬಿ ಹೋಗಬೇಕ ನೋಡು. ಅಷ್ಟ."

ನೀಲಾ ಮುಂಡರಗಿಗೆ ಕೊಟ್ಟ ಮಗಳು, ಚೊಚ್ಚಲ ಬಸುರಿ. ಸಾಯುವವರ ಮನೆಗೆ ಬಸುರಿ ಹೋಗಬಾರದೆಂದು ಬೀಗರು ತಡೆದಿದ್ದರು. ಸಾವಂತ್ರೆವ್ವ ಬಸ್ಸು ಹತ್ತಿ ಹೋಗಿ, ಬೀಗರ ಅಂಗಳದಲ್ಲೇ ಕೂತು ಜಗಳ ತೆಗೆದು, ಹುಡುಗಿಯನ್ನು ಕರೆತಂದಳು.

ಹಸಿರು ಖಣ, ಅಕ್ಕಿ, ಕೊಬ್ಬರಿ ಬಟ್ಟಲು ತಟ್ಟೆಯಲ್ಲಿದ್ದವು. ನೀಲಾ ತಾಯಿಯ ಪಕ್ಕ ಕೂತು ಸೆರಗು ಒಡ್ಡಿದಳು. ಹೆಂಗಸರ ಶಾಸ್ತ್ರವೆಂದು ಯಂಕಪ್ಪ ಬಾಗಿಲಲ್ಲೇ ನಿಂತಿದ್ದ. ಫಕೀರವ್ವ ಮುಷ್ಟಿ ತುಂಬ ಅಕ್ಕಿ ಹಿಡಿದಳು. ಕೈ ಮೇಲೇಳಲಿಲ್ಲ.

"ಯಕ್ಕಾ, ನನ್ನ ಕೈ ಹಿಡಿ."

ಎಷ್ಟೋ ತಿಂಗಳಿಂದ ಆ ಮೈ ತೊಳೆದು ಒರೆಸಿದ್ದ ಸಾವಂತ್ರೆವ್ವ, ಚಾಚಿದ ಕೈಯನ್ನು ಹಿಂದಕ್ಕೆಳೆದುಕೊಂಡಳು. ಆಕೆ ವಿಧವೆ. ಗಂಡ ಸತ್ತವಳ ಕೈ ಉಡಿಯಕ್ಕಿಗೆ ತಾಗಬಾರದು, ಅದೂ ಬಸುರಿಯ ಉಡಿಗೆ.

"ತಡಿ ಯವ್ವಾ, ಮುತ್ತೈದಿನ ಕರಕೊಂಡ ಬರ್ತೀನಿ," ಎಂದು ಓಡಿದಳು. ಎದುರು ಮನೆಗೆ ಬೀಗ ಬಿದ್ದಿತ್ತು. ಪಕ್ಕದ ಮನೆಯವಳು ಸೀರೆ ಬದಲಿಸಿ, ಕುಂಕುಮ ತಿದ್ದಿಕೊಂಡು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಫಕೀರವ್ವನ ಮುಷ್ಟಿಯಲ್ಲಿ ಅಕ್ಕಿ ಹಾಗೇ ಇತ್ತು.

"ನನ್ನ ಕೈಗೆ ಹುಳಾ ಬೀಳ್ಲಿ," ಎಂದು ಸಾವಂತ್ರೆವ್ವ ಎದೆ ಬಡಿದುಕೊಂಡಳು. ಬಸುರಿಯನ್ನು ಹೊರಗೆ ಕರೆದೊಯ್ಯಿರೆಂದು ಪಕ್ಕದ ಮನೆಯವಳು ಗದರಿದಳು. ನೀಲಾ ಏಳಲಿಲ್ಲ. ಒಡ್ಡಿದ ಸೆರಗನ್ನೂ ಬಿಡಲಿಲ್ಲ.

"ಅವ್ವನ ಕೈ ಹಿಡೀರಿ, ದೊಡ್ಡವ್ವ. ಆಕಿ ಹೇಳಿದ್ದು ನಿಮಗ."

ಸಾವಂತ್ರೆವ್ವ ಹಿಡಿದಳು. ಇನ್ನೂ ಬಿಸಿಯಿದ್ದ ಆ ಕೈಯನ್ನು ಎತ್ತಿ, ನೀಲಾಳ ಉಡಿಯ ಮೇಲೆ ಒಂದೊಂದೇ ಬೆರಳು ಬಿಡಿಸಿದಳು. ಅಕ್ಕಿ ಬಿತ್ತು.

"ತುಂಬಿದ್ವಿ ನೋಡ, ಫಕೀರವ್ವಾ. ಕಣ್ಣ ತಗಿ," ಎಂದು ಆಕೆ ಅತ್ತ ಅಳು ಓಣಿಯ ಕೊನೆಯ ಮನೆಗೂ ಕೇಳಿತು.