ಮುದ್ದೆಯ ಗುಳಿ

ನಮ್ಮ ಚರಿತ್ರೆ ಮೇಷ್ಟ್ರು ಚಿನ್ನದ ಗಣಿಯೂರು ಮಾರಿಕುಪ್ಪಂನಿಂದ ರೈಲಿನಲ್ಲಿ ಬಂಗಾರಪೇಟೆಯ ನಮ್ಮ ಶಾಲೆಗೆ ಬರುತ್ತಿದ್ದರು. ಯಾವ ಯುದ್ಧದ ಪಾಠವಾದರೂ, "ಒಳಗೆ ಸಿಕ್ಕೋರ ಕಡೆಯಿಂದ ನೋಡ್ರಲಾ" ಎನ್ನುತ್ತಿದ್ದರು.

ಒಂದು ಮಧ್ಯಾಹ್ನ ಊಟದ ಡಬ್ಬಿ ತೆರೆದು, ಮುದ್ದೆಗೆ ಹೆಬ್ಬೆರಳೊತ್ತಿ, ರೋಮಿನವರು ಕಾರ್ತೇಜಿನವರಿಗೆ ಸೋತ ಪ್ರಾಚೀನ ಕ್ಯಾನೆ ಕದನವನ್ನು ತೋರಿಸಿದರು.

"ಕಾರ್ತೇಜಿನೋರು ನಡುವೆ ಬೇಕಂತಲೇ ಇಂದಕ್ಕೆ ಸರಿದ್ರು. ಗೆದ್ವಿ ಅಂತ ರೋಮಿನೋರು ನುಗ್ಗಿದ್ರು. ಆಮೇಲೆ ಸುತ್ತ ಇಂಗೆ ಮುಚ್ಕೊಂಡ್ರು!" ಮುದ್ದೆ ಬೆರಳನ್ನು ನುಂಗಿತ್ತು.

"ಸೂಪರ್ ಸಾರ್!" ಎಂದು ಚಪ್ಪಾಳೆ ತಟ್ಟಿದೆವು.

"ಮಿಲಿಟ್ರಿಯೋರೂ ಈಗ್ಲೂ ಇದನ್ನ ಓದಿ ಮೆಚ್ಕೋತಾರೆ ಕಣ್ರಲಾ. ಒಳಗೆ ಸಿಕ್ಕೋರಿಗೆ ಕೈ ಎತ್ತೋಕೂ ಜಾಗ ಇರ್ಲಿಲ್ಲ. ಗಣಿ ಕುಸಿದಾಗ ನಮ್ಮಪ್ಪಂಗೂ ಅಷ್ಟೇ."

ಆ ಗುಳಿಯನ್ನು ಮೆಲ್ಲಗೆ ಸವರಿ ಮುಚ್ಚಿ, ಸಾರನ್ನು ಪಕ್ಕಕ್ಕೆ ಸುರಿದುಕೊಂಡು ಉಂಡರು. ನಾನೂ ಅಷ್ಟೇ, ಇವತ್ತಿಗೂ ಸಾರಿಗೆಂದು ಮುದ್ದೆಗೆ ಗುಳಿ ಮಾಡುವುದಿಲ್ಲ.