ದನಿ ನಂಬಿದ ಚಿಕ್ಕಮ್ಮ

ನಮ್ಮ ಚಿಕ್ಕಮ್ಮ ಆಸ್ಪತ್ರೆಯಲ್ಲಿ ಟೆಲಿಫೋನ್ ಆಪರೇಟರ್ ಆಗಿದ್ದಳು. ನೆಲಮಾಳಿಗೆಯ ಕಿಟಕಿಯಿಲ್ಲದ ಕೋಣೆಯಲ್ಲಿ, ಉದ್ದನೆಯ ಮೇಜಿಗೆ ಸಾಲಾಗಿ ಕೂತ ಹೆಂಗಸರ ನಡುವೆ, ಹೆಡ್‌ಫೋನ್ ಹಾಕಿಕೊಂಡೇ ಅವಳ ತಲೆ ನರೆಯಿತು. ಅಲ್ಲಿ ಎಲ್ಲರೂ ಅವಳನ್ನು ಲೈನಮ್ಮ ಅನ್ನುತ್ತಿದ್ದರು. ಮದುವೆ ಆಗಲಿಲ್ಲ. ಮೊದಲು ಅಜ್ಜಿಯ ಕಾಯಿಲೆ, ಆಮೇಲೆ ನಮ್ಮಮ್ಮನ ಹೆರಿಗೆಗಳು. ನೋಡನೋಡುತ್ತ ವಯಸ್ಸು ಕೈಜಾರಿತು. ಅಮ್ಮನ ಮನೆಯ ಹಾಲಿನ ಮೂಲೆಯಲ್ಲಿರುವ ಮಂಚವೇ ಆಗ ಅವಳ ಮನೆ. ನೆಂಟರು ಬಂದರೆ ಅದೂ ಇಲ್ಲ. ನಿವೃತ್ತಿಯ ಹಣದಲ್ಲಿ ಒಂದು ಸ್ವಂತ ಕೋಣೆ, ಒಳಗಿನಿಂದ ಚಿಲಕ ಹಾಕಿಕೊಳ್ಳಬಹುದಾದಂಥದ್ದು, ಮಾಡಿಕೊಳ್ಳಬೇಕೆಂಬುದೊಂದೇ ಅವಳ ಆಸೆ.

ಆಗ ನನ್ನ ಮಗುವಿಗೆ ಹಲ್ಲು ಬರುತ್ತಿತ್ತು. ನಾನು ನಿದ್ದೆ ಕಂಡು ಎಷ್ಟು ದಿನವಾಗಿತ್ತೋ ಗೊತ್ತಿಲ್ಲ. ಚಿಕ್ಕಮ್ಮ ಡ್ಯೂಟಿ ಮುಗಿಸಿ ನೇರ ನಮ್ಮ ಮನೆಗೆ ಬಂದು ಮಗುವನ್ನು ಹೆಗಲಿಗೆ ಹಾಕಿಕೊಂಡು, "ನೀನು ಬಿದ್ಕೋ ಹೋಗು, ಮುಖ ನೋಡಕ್ಕಾಗ್ತಿಲ್ಲ" ಅನ್ನುತ್ತಿದ್ದಳು. ಒಂದು ದಿನ ಹೆಗಲ ಮೇಲೆ ಮಗು, ಕಿವಿಯಲ್ಲಿ ಫೋನು. ಸಣ್ಣಗೆ ನಗುತ್ತಿದ್ದಳು. ಆ ನಗು ಕೇಳಿಯೇ ನನಗೆ ನಿದ್ದೆ ಹಾರಿತು.

"ಯಾರದು?"

"ಒಬ್ಬರು."

ಆ ಒಬ್ಬರು ಹಡಗಿನ ಎಂಜಿನಿಯರ್ ಅಂತೆ. ಹೆಂಡತಿ ತೀರಿಹೋಗಿದ್ದಾರಂತೆ. ಒಬ್ಬ ನರ್ಸ್ ತಮಾಷೆಗೆ ಡೇಟಿಂಗ್ ಆ್ಯಪ್ ಹಾಕಿಕೊಟ್ಟಿದ್ದಳು, ಅದರಲ್ಲಿ ಪರಿಚಯ. ನಾನು ಗಾಬರಿ ಬಿದ್ದೆ. ಗಾಬರಿ ಬೀಳುವುದರಲ್ಲಿ ನನ್ನದು ಎತ್ತಿದ ಕೈ. ಮಗು ಸೀನಿದರೂ ಡಾಕ್ಟರಿಗೆ ಫೋನ್ ಮಾಡುತ್ತೇನೆ. ಅದಕ್ಕೇ ನನ್ನ ಮಾತಿಗೆ ಮನೆಯಲ್ಲಿ ಮೂರು ಕಾಸಿನ ಬೆಲೆಯಿಲ್ಲ.

"ಮುಖ ನೋಡಿದ್ದೀಯಾ? ವಿಡಿಯೋ ಕಾಲ್ ಮಾಡಿದಾನಾ?"

"ಹಡಗಲ್ಲಿ ಸಿಗ್ನಲ್ ಸರಿ ಇರಲ್ವಂತೆ."

"ಅದೇ ಮೊದಲನೇ ಸುಳ್ಳು, ಚಿಕ್ಕಮ್ಮ. ಮೋಸ ಮಾಡೋರೆಲ್ಲ ಅದನ್ನೇ ಹೇಳೋದು."

"ನಾನು ಜೀವಮಾನದಲ್ಲಿ ಯಾರ ಮುಖ ನೋಡಿ ಮಾತಾಡಿದೀನಿ ಹೇಳು? ಸಾಯ್ತಿರೋರ ಮಕ್ಕಳು, ಹುಟ್ಟಿದೋರ ಅಪ್ಪಂದಿರು, ಎಲ್ಲಾ ಬರೀ ದನಿ. ಮುಖಕ್ಕೆ ಬಣ್ಣ ಬಳ್ಕೋಬಹುದು ಕಣೇ. ದನಿಗೆ ಆಗಲ್ಲ."

ನಾನು ಓದಿದ್ದ ಎಚ್ಚರಿಕೆಗಳೆಲ್ಲ ಮುಖದ ಬಗ್ಗೆಯೇ ಇದ್ದವು. ಅವನು ಕಳಿಸಿದ ಫೋಟೋವನ್ನು ಇಂಟರ್ನೆಟ್ಟಿನಲ್ಲಿ ಹುಡುಕಿದೆ. ಅದು ಯಾವುದೋ ದೇಶದ ಹಲ್ಲಿನ ಡಾಕ್ಟರದ್ದು. ತೋರಿಸಿದರೆ, "ಅವರಿಗೆ ನಾಚಿಕೆ ಜಾಸ್ತಿ, ಬೇರೆಯವರದ್ದು ಹಾಕಿರ್ತಾರೆ ಬಿಡು" ಅಂದಳು. ನಮ್ಮ ಮನೆಯವರು ಪೇಪರಿನಿಂದ ತಲೆ ಎತ್ತದೆ, "ನೀನೂ ಮದುವೆಗೆ ಮುಂಚೆ ನನ್ನ ಹಳೇ ಫೋಟೋ ನೋಡೇ ಮೋಸ ಹೋಗಿದ್ದು" ಅಂದರು. ನಗುವ ಸ್ಥಿತಿಯಲ್ಲಿ ನಾನಿರಲಿಲ್ಲ.

ಚಿಕ್ಕಮ್ಮ ನಿವೃತ್ತಳಾಗಿ, ಹಣ ಅವಳ ಖಾತೆಗೆ ಬಂದ ವಾರವೇ ಹಡಗಿನವನಿಗೆ ಕಷ್ಟ ಬಂತು. ಕೆಲಸ ಬಿಟ್ಟು ಇವಳ ಹತ್ತಿರ ಬರಬೇಕೆಂದರೆ ಕಂಪನಿಗೆ ಬಿಡುಗಡೆಯ ಹಣ ಕಟ್ಟಬೇಕಂತೆ. ಬಂದ ಮೇಲೆ ಇಬ್ಬರಿಗೂ ಸೇರಿ ಮನೆಯೇ ಮಾಡೋಣ ಅಂದನಂತೆ.

"ನಾಳೆ ಬ್ಯಾಂಕಿಗೆ ಹೋಗ್ತೀನಿ," ಎಂದು ಚಿಕ್ಕಮ್ಮ ಮಗುವಿನ ಬಟ್ಟೆ ಮಡಿಸುತ್ತ ಹೇಳಿದಳು. ತರಕಾರಿಗೆ ಹೋಗುತ್ತೇನೆ ಅನ್ನುವ ಹಾಗೆ.

"ನೋಡದೇ ಇರೋ ಮನುಷ್ಯನಿಗೆ ಹಣ ಕಳಿಸಬೇಡ. ಕಾಲಿಗೆ ಬೀಳ್ತೀನಿ. ಇನ್ನೇನೂ ಕೇಳಲ್ಲ, ಅದೊಂದು ಮಾಡಬೇಡ."

"ಕಾಲಿಗೆ ಬೀಳೋಕೆ ನಿನಗೆ ಬಗ್ಗಕ್ಕೆ ಶಕ್ತಿ ಎಲ್ಲಿದೆ," ಅಂದಳು. ಇನ್ನೊಂದು ಬಟ್ಟೆ ಮಡಿಸಿಟ್ಟಳು. "ಒಂದು ಸಲ ನೀನೇ ಕೇಳು ಅವರ ದನಿ. ಆಮೇಲೆ ಹೇಳು."

ಮಧ್ಯಾಹ್ನ ಅವನ ಕರೆ ಬಂದಾಗ ಸ್ಪೀಕರ್ ಹಾಕಿ, ಫೋನನ್ನು ಮಡಿಸಿದ ಬಟ್ಟೆಗಳ ಮೇಲಿಟ್ಟಳು.

"ಊಟ ಆಯ್ತಾ?" ಅಂದ.

ಒಳ್ಳೆಯ ದನಿ, ಸುಳ್ಳೇಕೆ ಹೇಳಲಿ. ಅವಸರವಿಲ್ಲದ್ದು. ಇಡೀ ದಿನ ಯಾರೂ ಕೇಳದೇ ಇದ್ದದ್ದನ್ನು ಕೇಳಿದ್ದ. ನನಗೂ ಒಂದು ಕ್ಷಣ ಉತ್ತರ ಹೇಳಬೇಕೆನಿಸಿತು. ನನ್ನ ಊಟ ಆಗಿರಲಿಲ್ಲ. ಆದರೆ ಅವನ ಮಾತಿನ ಹಿಂದೆ ಏನೋ ಗುಜುಗುಜು ಕೇಳುತ್ತಿತ್ತು. ಚಿಕ್ಕಮ್ಮನ ಕಿವಿಯ ಹತ್ತಿರ ಬಾಗಿ, "ಹಡಗಲ್ಲಿ ಅಷ್ಟೊಂದು ಜನ ಇರ್ತಾರಾ?" ಅಂದೆ.

"ಎಂಜಿನ್ ಸದ್ದು," ಎಂದು ಪಿಸುಗುಟ್ಟಿದಳು. ಆದರೆ ಬಟ್ಟೆ ಮಡಿಸುವ ಕೈ ನಿಂತಿತು. ಕಣ್ಣು ಮುಚ್ಚಿದಳು. ಡ್ಯೂಟಿಯಲ್ಲಿ ಹೀಗೇ ಕೂರುತ್ತಿದ್ದಳೇನೋ.

ಅವನು ಬ್ಯಾಂಕಿನ ವಿಷಯಕ್ಕೆ ಬಂದಿದ್ದ. ಮಧ್ಯದಲ್ಲೇ ಚಿಕ್ಕಮ್ಮ, ಆಸ್ಪತ್ರೆಯ ಹೊಸ ಹುಡುಗಿಯರಿಗೆ ದಿನವೂ ಹೇಳುತ್ತಿದ್ದ ಅದೇ ಧಾಟಿಯಲ್ಲಿ ಹೇಳಿದಳು: "ಪಕ್ಕದವಳಿಗೆ ಸ್ವಲ್ಪ ಮೆಲ್ಲಗೆ ಮಾತಾಡೋಕೆ ಹೇಳಿ. ನಿಮ್ಮ ಲೈನಿಗೆ ಬರ್ತಿದೆ."

"ಹ್ಞೂ, ಹೇಳ್ತೀನಿ," ಅಂದ ಅವನು. ಫೋನಿಗೆ ಕೈ ಅಡ್ಡ ಹಿಡಿದಂತಾಯಿತು. "ಏ, ಮೆಲ್ಲಗೆ."

ಅವನು ಕೈ ತೆಗೆದಾಗ ಗುಜುಗುಜು ನನಗೂ ಬಿಡಿಬಿಡಿಯಾಗಿ ಕೇಳಿತು. ಯಾವಳೋ ಒಬ್ಬಳು ಯಾರಿಗೋ, "ಊಟ ಆಯ್ತಾ?" ಅನ್ನುತ್ತಿದ್ದಳು.

"ನಿಮ್ಮ ಶಿಫ್ಟ್ ಯಾವಾಗ ಮುಗಿಯುತ್ತೆ?" ಚಿಕ್ಕಮ್ಮ ಕೇಳಿದಳು. ದನಿಯಲ್ಲಿ ಸಿಟ್ಟಿರಲಿಲ್ಲ.

"ಇನ್ನೂ ಇದೆ," ಅಂದ. ಆ ಒಂದು ಮಾತು ಮಾತ್ರ ಬೇರೆ ದನಿಯಲ್ಲಿತ್ತು, ಸುಸ್ತಾದವರದ್ದು. ಲೈನು ಕಟ್ಟಾಯಿತು.

"ಅದು ಹಡಗಲ್ಲ," ಅಂದಳು ಚಿಕ್ಕಮ್ಮ. "ಅದು ನಮ್ಮ ಆಪರೇಟರ್ ರೂಮಿನ ಥರದ್ದೇ. ಉದ್ದ ಮೇಜು, ಸಾಲಾಗಿ ಜನ, ಎಲ್ಲರೂ ಫೋನಲ್ಲಿ. ಮೊದಲನೇ ವಾರವೇ ಕೇಳಿಸಿತ್ತು. ಎಂಜಿನ್ ಇರಬೇಕು ಅಂದ್ಕೊಂಡೆ. ಹಾಗೆ ಅಂದ್ಕೊಳ್ಳೋದು ನಂಗೆ ಬೇಕಿತ್ತು."

ಎದ್ದು ಮುಖ ತೊಳೆದುಕೊಂಡು ಬಂದು ಉಳಿದ ಬಟ್ಟೆ ಮಡಿಸಿದಳು. ನಾನು ಅವಳ ಫೋನ್ ತೆಗೆದುಕೊಂಡು, ಮಾತುಕತೆಯನ್ನೆಲ್ಲ ಬೇರೆ ಕಡೆ ಉಳಿಸಿ, ಅವನ ನಂಬರ್ ಬ್ಲಾಕ್ ಮಾಡಿ, ಬ್ಯಾಂಕಿನ ಪಾಸ್‌ವರ್ಡ್ ಬದಲಿಸಿ, ಪೊಲೀಸರಿಗೆ ಆನ್‌ಲೈನ್ ದೂರು ಕೊಟ್ಟೆ. ಗಾಬರಿ ಅಷ್ಟಕ್ಕಾದರೂ ಉಪಯೋಗಕ್ಕೆ ಬಂತು. ಅವಳು ಬೇಡ ಅನ್ನಲಿಲ್ಲ. "ಅಮ್ಮನಿಗೆ ಹೇಳಬೇಡ" ಎಂದಷ್ಟೇ ಅಂದಳು. ಇದನ್ನೆಲ್ಲ ಬರೆಯಲೇ ಎಂದು ನಾನು ಕೇಳಿದಾಗ, "ಹೆಸರು ಹಾಕದೆ ಬರಿ, ನನ್ನಂಥೋರು ಓದ್ಲಿ" ಅಂದಳು.

ಈಗ ಅವಳಿಗೆ ಸ್ವಂತ ಕೋಣೆಯಿದೆ, ನಮ್ಮ ಹಿಂದಿನ ಬೀದಿಯಲ್ಲಿ, ಮೂರನೇ ಮಹಡಿ. ಚಿಲಕ ಗಟ್ಟಿಯಾಗಿದೆ, ನಾನೇ ಎಳೆದು ನೋಡಿದ್ದೇನೆ. ಮಗು ಮಲಗಿದ ಮೇಲೆ ದಿನವೂ ಫೋನ್ ಮಾಡುತ್ತೇನೆ.

"ಊಟ ಆಯ್ತಾ, ಚಿಕ್ಕಮ್ಮ?"

"ಆಯ್ತು. ಆದ್ರೆ ನೀನು ಹಾಜರಿ ಕೂಗಿದ ಹಾಗೆ ಕೇಳ್ತೀಯ," ಅನ್ನುತ್ತಾಳೆ. "ಅವನು ಕೇಳ್ತಿದ್ದ ರೀತಿನೇ ಬೇರೆ."

"ಕಲೀತೀನಿ ಬಿಡು."

"ಹ್ಞೂ. ಮೊದಲು ನೀನು ಉಣ್ಣು ಹೋಗು. ಖಾಲಿ ಹೊಟ್ಟೇಲಿ ಮಾತಾಡ್ತಿದ್ದೀಯ, ಗೊತ್ತಾಗುತ್ತೆ ನಂಗೆ."